ಆಯಿಲ್ ಕುಡಿಯುವ ಪಿಕಪ್: ವರ್ಕ್‌ಶಾಪಿನಲ್ಲಿ ಕಲಿತ ಪಾಠಗಳು

ಅಮೆರಿಕದಲ್ಲಿ ಪಿಕಪ್ ಅಂದರೆ ಬರೀ ಸರಕು ಹೊರುವ ಗಾಡಿ ಅಲ್ಲ. 2017ರ ಫೋರ್ಡ್ ಎಫ್-150 ರಾಪ್ಟರ್‌ನಲ್ಲಿ ಎರಡು ಟರ್ಬೊ ಇರುವ 3.5 ಲೀಟರ್ ಇಂಜಿನ್ 450 ಎಚ್‌ಪಿ ಕೊಡುತ್ತಿತ್ತು. 2021ರ ರಾಮ್ 1500 ಟಿಆರ್‌ಎಕ್ಸ್‌ನಲ್ಲಿದ್ದ ಸೂಪರ್‌ಚಾರ್ಜರ್ ಹೊತ್ತ 6.2 ಲೀಟರ್ ವಿ8 ಇಂಜಿನ್ನಿಗೆ 702 ಎಚ್‌ಪಿ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಡೀಸೆಲ್ ಸುಮಾರು 200ರ ಆಸುಪಾಸಿನಲ್ಲಿದೆ ಅಂದರೆ ಈ ಗಾಡಿಗಳ ತಾಕತ್ತು ಎಷ್ಟೆಂದು ಅಂದಾಜಾಗಬಹುದು. ಅರಿಝೋನಾದ ಫೀನಿಕ್ಸ್‌ನಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಇಂಥ ಪಿಕಪ್‌ಗಳೇ ಹೆಚ್ಚಾಗಿ ಬರುತ್ತವೆ. ಮಾಲೀಕರು ಮತ್ತೆ ಮತ್ತೆ ಹೇಳುವ ದೂರು ಒಂದೇ: ಸೋರಿಕೆ ಕಾಣುತ್ತಿಲ್ಲ, ಆದರೆ ಆಯಿಲ್ ಕಡಿಮೆಯಾಗುತ್ತಿದೆ. ಆ ದೂರಿನ ಬೆನ್ನು ಹತ್ತಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಅಳತೆ ಇಲ್ಲದೆ ಮಾತೇ ಬೇಡ

"ತುಂಬಾ ತಿನ್ನುತ್ತೆ" ಅನ್ನುವ ಮಾತಿನಿಂದ ಯಾವ ಇಂಜಿನ್ನನ್ನೂ ಪರೀಕ್ಷೆ ಮಾಡಲು ಬರುವುದಿಲ್ಲ. ಎಷ್ಟು ಮೈಲಿಗೆ ಎಷ್ಟು ಎಂಬುದು ಬೇಕು. ಗಾಡಿಯನ್ನು ಪ್ರತಿ ಸಲವೂ ಅದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬಿಸಿ ಇಂಜಿನ್ ಆಫ್ ಮಾಡಿದ ಮೇಲೆ ಹತ್ತು ಹದಿನೈದು ನಿಮಿಷ ಬಿಡಿ. ಮೇಲೆ ಹೆಡ್‌ಗಳಲ್ಲಿ ಉಳಿದ ಆಯಿಲ್ ಇಂಜಿನ್ ತಳದ ಸಂಪ್‌ಗೆ ಇಳಿಯಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಕೂರಿಸಿ, ಮತ್ತೆ ಎಳೆಯಿರಿ. ಕಡ್ಡಿಯ ಎರಡೂ ಬದಿ ನೋಡಿ. ಒಂದು ಬದಿ ಮೇಲೆ, ಇನ್ನೊಂದು ಕೆಳಗೆ ತೋರಿಸಿದರೆ ಕೆಳಗಿನದ್ದನ್ನೇ ನಂಬಿ, ಏಕೆಂದರೆ ಮೇಲಿನದು ಪೈಪಿನ ಗೋಡೆಗೆ ಅಂಟಿದ ಆಯಿಲ್ ಬಳಿದುಕೊಂಡು ಬಂದಿರುತ್ತದೆ. ಹೊಸ ಆಯಿಲ್ ನೀರಿನಷ್ಟೇ ತಿಳಿಯಾಗಿರುತ್ತದೆ, ಗೆರೆ ಕಾಣುವುದಿಲ್ಲ. ಕಡ್ಡಿಯನ್ನು ಬಿಳಿ ಟಿಶ್ಯೂ ಮೇಲೆ ಮಲಗಿಸಿದರೆ ಒದ್ದೆ ಎಲ್ಲಿಗೆ ನಿಂತಿದೆ ಎಂಬುದು ತಕ್ಷಣ ತಿಳಿಯುತ್ತದೆ.

ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. 1,000 ಮೈಲಿ ಆದ ಮೇಲೆ ಅಳತೆ ಗೆರೆ ಇರುವ ಡಬ್ಬಿಯಿಂದ ಅದೇ ಗುರುತಿಗೆ ಬರುವಷ್ಟು ಸುರಿಯಿರಿ. ಸುರಿದಷ್ಟೇ ನಿಮ್ಮ ಗಾಡಿ ತಿಂದದ್ದು. ಡೀಲರ್‌ಗಳು ಮಾಡುವ ಪರೀಕ್ಷೆಯೂ ಮೂಲದಲ್ಲಿ ಇದೇ; ಅವರು ಡ್ರೇನ್ ಪ್ಲಗ್‌ಗೂ ಫಿಲ್ಟರಿಗೂ ಯಾರೂ ಮುಟ್ಟದಂತೆ ಗುರುತು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

2. "ನಾರ್ಮಲ್" ಎಂಬುದರ ಲೆಕ್ಕ ಹಾಕಿ ನೋಡಿ

ಜನರಲ್ ಮೋಟಾರ್ಸ್ (ಜಿಎಂ) ತನ್ನ ಸರ್ವಿಸ್ ಬುಲೆಟಿನ್‌ನಲ್ಲಿ 2,000 ಮೈಲಿಗೆ ಒಂದು ಕ್ವಾರ್ಟ್, ಅಂದರೆ 946 ಮಿಲಿಲೀಟರ್, ಕಡಿಮೆಯಾಗುವುದನ್ನು ಒಪ್ಪಬಹುದಾದ ಪ್ರಮಾಣ ಎಂದು ಹೇಳುತ್ತಾ ಬಂದಿದೆ. ಸರಿ, ಒಪ್ಪೋಣ. ಅವರದೇ ಈಚಿನ ವಿ8 ಪಿಕಪ್‌ಗಳಿಗೆ 8 ಕ್ವಾರ್ಟ್ ಆಯಿಲ್ ಹಿಡಿಯುತ್ತದೆ. ಆಯಿಲ್ ಬದಲಾಯಿಸಲು 7,500 ಮೈಲಿವರೆಗೆ ಅವಕಾಶವಿದೆ. ಈ "ನಾರ್ಮಲ್" ಗಾಡಿ ನಡುವೆ ಟಾಪ್ ಅಪ್ ಇಲ್ಲದೆ ಅಷ್ಟು ದೂರ ಓಡಿದರೆ ಹತ್ತಿರ ಹತ್ತಿರ 4 ಕ್ವಾರ್ಟ್ ಹೋಗಿರುತ್ತದೆ. ಸಂಪಿನಲ್ಲಿ ಉಳಿದದ್ದು ಅರ್ಧ! ಆ ಅರ್ಧದಲ್ಲೇ ಬೇರಿಂಗ್ ತಂಪಾಗಬೇಕು, ಟ್ರೈಲರ್ ಎಳೆಯಬೇಕು, 45 ಡಿಗ್ರಿ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ನಿಲ್ಲಬೇಕು.

ಆಯಿಲ್ ಸುಡುವುದರಿಂದ ಇಂಜಿನ್ ಒಮ್ಮೆಲೇ ಸಾಯುವುದಿಲ್ಲ. ಆಯಿಲ್ ಇಲ್ಲದೆ ಓಡಿದಾಗ ಸಾಯುತ್ತದೆ. ಇವೆರಡರ ನಡುವೆ ಇರುವುದು ಮಾಲೀಕನ ಕಣ್ಣೊಂದೇ. ಹಾಗಾಗಿ ನಾರ್ಮಲ್ ಎಂದು ಹೇಳಿ ಕಳಿಸುವವರು ಜೊತೆಗೇ "ಎರಡು ಟ್ಯಾಂಕ್ ಪೆಟ್ರೋಲಿಗೊಮ್ಮೆ ಡಿಪ್‌ಸ್ಟಿಕ್ ನೋಡಿ" ಎಂದೂ ಹೇಳಬೇಕು. ಹೇಳದಿರುವುದು ಅನ್ಯಾಯ. ಈ ವಿಷಯ ಕೋರ್ಟಿಗೂ ಹೋಗಿದೆ: ಜಿಎಂನ 2011ರಿಂದ 2014ರವರೆಗಿನ 5.3 ಲೀಟರ್ ವಿ8 ಗಾಡಿಗಳ ಅತಿಯಾದ ಆಯಿಲ್ ಬಳಕೆಯ ಮೊಕದ್ದಮೆಯಲ್ಲಿ 2022ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಮಾಲೀಕರ ಪರವಾಗಿ 102.6 ಮಿಲಿಯನ್ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು.

3. ಕೆಂಪು ಲೈಟ್ ಹೇಳುವುದು ಪ್ರೆಶರ್, ಮಟ್ಟ ಅಲ್ಲ

ಚಾಂಡ್ಲರ್ ಕಡೆಯಿಂದ ಬಂದಿದ್ದ ತುಮಕೂರಿನ ಹುಡುಗನೊಬ್ಬನ ಗಾಡಿಯಲ್ಲಿ ಡಿಪ್‌ಸ್ಟಿಕ್ ಪೂರಾ ಒಣಗಿತ್ತು. "ಅಣ್ಣಾ, ಲೈಟೇ ಬಂದಿಲ್ವಲ್ಲ?" ಅಂದ. "ಲೈಟ್ ಬರೋ ಹೊತ್ತಿಗೆ ಬೇರಿಂಗ್ ಕೂಗ್ತಿರುತ್ತಪ್ಪಾ" ಅಂದೆ. ಪಂಪಿನ ಬಾಯಿಗೆ ಆಯಿಲ್ ಸಿಗುವವರೆಗೆ ಪ್ರೆಶರ್ ಇರುತ್ತದೆ, ಲೈಟ್ ಸುಮ್ಮನಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬರುವ "ಆಯಿಲ್ ಲೈಫ್ 60%" ಕೂಡ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಅದು ಓಡಿದ ರೀತಿ ನೋಡಿ ಕಂಪ್ಯೂಟರ್ ಹಾಕುವ ಅಂದಾಜು.

4. ಏರಿಗಿಂತ ಇಳಿಜಾರಿನ ಮೇಲೆ ಕಣ್ಣಿಡಿ

ಎಲ್ಲರೂ ಏರನ್ನೇ ಅನುಮಾನಿಸುತ್ತಾರೆ. ಇಲ್ಲಿ ಬುಲ್‌ಹೆಡ್ ಸಿಟಿ ಹತ್ತಿರ ಡೇವಿಸ್ ಡ್ಯಾಮ್ ಏರು ಇದೆ. ಕಂಪನಿಗಳು ಪಿಕಪ್‌ಗಳ ಎಳೆಯುವ ಸಾಮರ್ಥ್ಯ ನಿಗದಿ ಮಾಡುವ ಎಸ್‌ಎಇ ಜೆ2807 ಪರೀಕ್ಷೆಗೆ ಅದೇ ಮಾದರಿ ರಸ್ತೆ. ಅಲ್ಲಿ ಭಾರ ಎಳೆದರೆ ಆಯಿಲ್ ಬಿಸಿಯಾಗುತ್ತದೆ, ಸಿಲಿಂಡರಿನಿಂದ ರಿಂಗ್ ದಾಟಿ ಕೆಳಗೆ ನುಗ್ಗುವ ಗ್ಯಾಸ್ ಹೆಚ್ಚುತ್ತದೆ, ನಿಜ. ಆದರೆ ನಾನು ಹೆಚ್ಚಾಗಿ ಕಂಡ ಕಳ್ಳ ಇಳಿಜಾರಿನಲ್ಲಿದ್ದಾನೆ.

ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಫೀನಿಕ್ಸ್ ಸುಮಾರು 330ರಲ್ಲಿ. ಐ-17 ಹೆದ್ದಾರಿಯಲ್ಲಿ ಟ್ರೈಲರ್ ಕಟ್ಟಿಕೊಂಡು ಇಳಿಯುವವರು ಬ್ರೇಕ್ ಉಳಿಸಲು ಕೆಳಗಿನ ಗೇರಿನಲ್ಲೇ ಬರುತ್ತಾರೆ, ಬರಬೇಕು ಕೂಡ. ಆಗ ಥ್ರಾಟಲ್ ಮುಚ್ಚಿರುತ್ತದೆ, ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಪೂರ್ತಿ ನಿಂತಿರುತ್ತದೆ. ಇನ್‌ಟೇಕ್‌ನಲ್ಲೂ ಸಿಲಿಂಡರಿನಲ್ಲೂ ನಿರ್ವಾತ ವಿಪರೀತ ಏರುತ್ತದೆ. ಆ ಎಳೆತಕ್ಕೆ ರಿಂಗ್‌ಗಳ ಪಕ್ಕದಿಂದ, ವಾಲ್ವ್ ಸೀಲ್‌ಗಳಿಂದ, ಕ್ರ್ಯಾಂಕ್‌ಕೇಸ್ ಹೊಗೆ ಹೀರುವ ಪಿಸಿವಿ ಹೋಸಿನಿಂದ ಆಯಿಲ್ ಮೇಲೆ ಬರುತ್ತದೆ. ಕೆಳಗಿಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ನೀಲಿ ಹೊಗೆ ಕಂಡರೆ ಅದು ಇಳಿಯುವಾಗ ಸೇರಿದ ಆಯಿಲ್.

ಇದು ಊಹೆಯಲ್ಲ. 2018ರಿಂದ 2020ರ ಎಫ್-150ರಲ್ಲಿದ್ದ 5.0 ಲೀಟರ್ ವಿ8, ಮಸ್ಟಾಂಗ್ ಜಿಟಿಯ ಇಂಜಿನ್ನಿನ ಒಡಹುಟ್ಟು, ಸೋರಿಕೆಯಿಲ್ಲದೆ ಆಯಿಲ್ ತಿನ್ನುತ್ತದೆ ಎಂಬ ದೂರು ಬಂದಾಗ ಫೋರ್ಡ್ 2019ರ ಕೊನೆಯಲ್ಲಿ ಒಂದು ಟೆಕ್ನಿಕಲ್ ಬುಲೆಟಿನ್ ಹೊರಡಿಸಿತು. ವೇಗ ಇಳಿಸುವಾಗ ಇಂಧನ ನಿಲ್ಲುವ ಹೊತ್ತಿನ ಅತಿ ನಿರ್ವಾತವೇ ಕಾರಣವಿರಬಹುದು ಎಂದು ಅದರಲ್ಲಿತ್ತು. ಪರಿಹಾರ ಮೂರು: ಇಂಜಿನ್ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ, ಹೊಸ ಆಯಿಲ್, ಗುರುತು ಬದಲಾದ ಹೊಸ ಡಿಪ್‌ಸ್ಟಿಕ್. ಡಿಪ್‌ಸ್ಟಿಕ್ ಬದಲಾಯಿಸಿದ್ದು ಮಾಲೀಕರಿಗೆ ಸಿಟ್ಟು ತಂದಿತು, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಗುರುತು ಬದಲಾದರೆ ಸುಡುವುದು ನಿಲ್ಲುವುದಿಲ್ಲ. ಆದರೆ ಪ್ರೋಗ್ರಾಂ ಬದಲಾವಣೆ ಅಸಲಿ ಕಾರಣಕ್ಕೆ ಕೈ ಹಾಕುತ್ತದೆ. ಆ ವರ್ಷಗಳ ಗಾಡಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಲೇಬೇಕು.

5. ಇಂಜಿನ್ ಬಿಚ್ಚುವ ಮೊದಲು ಹೋಸ್ ಬಿಚ್ಚಿ

"ರಿಂಗ್ ಹೋಗಿದೆ" ಎಂದು ಹೇಳುವುದು ಸುಲಭ, ಬಿಲ್ ಮಾತ್ರ ಸಾವಿರಾರು ಡಾಲರ್. ನಾನು ಮೊದಲು ಪಿಸಿವಿ ಹೋಸಿನ ಇನ್‌ಟೇಕ್ ಕಡೆಯ ತುದಿ ಎಳೆದು ಬೆರಳು ಹಾಕಿ ನೋಡುತ್ತೇನೆ. ತೆಳ್ಳಗೆ ಜಿಡ್ಡು ಇದ್ದರೆ ಪರವಾಗಿಲ್ಲ. ಬೆರಳಿಂದ ಆಯಿಲ್ ತೊಟ್ಟಿಕ್ಕಿದರೆ, ಥ್ರಾಟಲ್‌ನ ಹಿಂದೆ ಮಡುಗಟ್ಟಿದ್ದರೆ, ದಾರಿ ಸಿಕ್ಕಿತು. ಟರ್ಬೊ ಗಾಡಿಯಾದರೆ ಇಂಟರ್‌ಕೂಲರಿನ ಕೆಳಗಿನ ಪೈಪನ್ನೂ ಬಿಚ್ಚಿ ನೋಡಬೇಕು.

ಆಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸುತ್ತೇನೆ. ಎಂಟೂ ಒಂದೇ ಬಣ್ಣವಿದ್ದರೆ ಕಾರಣ ಇಡೀ ಇಂಜಿನ್ನಿನದು: ಪಿಸಿವಿ ಅಥವಾ ಆಯಿಲ್. ಒಂದೆರಡು ಮಾತ್ರ ಕಪ್ಪಗೆ ಒದ್ದೆಯಾಗಿದ್ದರೆ ಆ ಸಿಲಿಂಡರ್‌ಗಳದ್ದೇ ಕಥೆ. ಸಿಲಿಂಡರ್‌ಗಳಿಗೆ ರಜೆ ಕೊಟ್ಟು ಪೆಟ್ರೋಲ್ ಉಳಿಸುವ ಜಿಎಂ ವಿ8ಗಳಲ್ಲಿ ರಜೆ ಪಡೆಯುವ 1, 4, 6, 7ನೇ ಸಿಲಿಂಡರ್‌ಗಳನ್ನು ಮೊದಲು ನೋಡಿ. ಆ ಇಂಜಿನ್‌ಗಳಲ್ಲಿ ಸಂಪಿನ ರಿಲೀಫ್ ವಾಲ್ವಿನಿಂದ ಚಿಮ್ಮುವ ಆಯಿಲ್ ಸಿಲಿಂಡರ್ ಗೋಡೆಗೆ ಬೀಳದಿರಲೆಂದು ಕಂಪನಿ ಒಂದು ತಗಡಿನ ಅಡ್ಡವನ್ನೂ ಕೊಟ್ಟಿತ್ತು. ಇಷ್ಟಾದ ಮೇಲೆಯೇ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್-ಡೌನ್ ಟೆಸ್ಟ್. ಅಂದ ಹಾಗೆ, ಕಂಪ್ರೆಶನ್ ಚೆನ್ನಾಗಿದ್ದ ಮಾತ್ರಕ್ಕೆ ಆಯಿಲ್ ರಿಂಗ್ ಚೆನ್ನಾಗಿದೆ ಎಂದಲ್ಲ. ಕಂಪ್ರೆಶನ್ ಹಿಡಿಯುವುದು ಮುಖ್ಯವಾಗಿ ಮೇಲಿನ ರಿಂಗ್‌ಗಳು, ಆಯಿಲ್ ಕೆರೆಯುವುದು ಮೂರನೆಯದು. ಅದರ ತೂತುಗಳಲ್ಲಿ ಕಾರ್ಬನ್ ಕಟ್ಟಿಕೊಂಡರೆ ಕಂಪ್ರೆಶನ್ ಗೇಜಿಗೆ ಗೊತ್ತೇ ಆಗುವುದಿಲ್ಲ.

6. ಮಟ್ಟ ಏರಿದರೆ ಖುಷಿ ಪಡಬೇಡಿ

ಚಳಿಗಾಲದಲ್ಲಿ ಎತ್ತರದ ಊರುಗಳಿಂದ ಬರುವ ಟರ್ಬೊ ಗಾಡಿಗಳಲ್ಲಿ ಕೆಲವೊಮ್ಮೆ ಆಯಿಲ್ ಮೇಲಿನ ಗುರುತನ್ನೂ ದಾಟಿರುತ್ತದೆ. ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮುವ ಇಂಜಿನ್ನು ಎರಡು ಮೂರು ಮೈಲಿಯ ಓಡಾಟದಲ್ಲಿ ಬಿಸಿಯೇ ಆಗುವುದಿಲ್ಲ, ಸುಡದ ಪೆಟ್ರೋಲ್ ಗೋಡೆಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಒಂದು ಕಡೆ ಆಯಿಲ್ ಖರ್ಚಾಗುತ್ತಿದ್ದರೂ ಮಟ್ಟ ಹಾಗೇ ಕಾಣುತ್ತದೆ. ನಂತರ ರಜೆಗೆಂದು ದೂರದ ಪ್ರಯಾಣ ಹೊರಟಾಗ ಪೆಟ್ರೋಲ್ ಆವಿಯಾಗಿ ಮಟ್ಟ ಒಂದೇ ದಿನದಲ್ಲಿ ದಿಢೀರನೆ ಕುಸಿಯುತ್ತದೆ. ಮಾಲೀಕರು ಗಾಬರಿಯಾಗಿ ಫೋನ್ ಮಾಡುವುದು ಆವತ್ತು. ದೂರದ ಪ್ರಯಾಣಕ್ಕೆ ಮುಂಚೆ ಆಯಿಲ್ ಬದಲಾಯಿಸಿ, ಮೊದಲ ದಿನ ಸಂಜೆ ಮತ್ತೊಮ್ಮೆ ಕಡ್ಡಿ ನೋಡಿ.

7. ಮರಳಿಗೆ ಹೋಗುವವರು ಫಿಲ್ಟರಿನ ಆಚೆ ಬದಿ ನೋಡಿ

ರಾಪ್ಟರ್ ಕೊಂಡವರು ಯೂಮಾದ ಪಶ್ಚಿಮಕ್ಕಿರುವ ಇಂಪೀರಿಯಲ್ ಮರಳು ದಿಬ್ಬಗಳಿಗೆ ಹೋಗಿಯೇ ಹೋಗುತ್ತಾರೆ. ಗಾಡಿ ಅದಕ್ಕೇ ಇರುವುದು. ಬಂದ ಮೇಲೆ ಏರ್ ಫಿಲ್ಟರ್ ತೆಗೆದು, ಅದರ ಆಚೆಗಿನ, ಶುದ್ಧ ಗಾಳಿ ಹೋಗಬೇಕಾದ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಮಾಸಲಾಗಿ ಬಂದರೆ, ಬೆರಳ ನಡುವೆ ಉಜ್ಜಿದಾಗ ಕರಕರ ಅಂದರೆ, ಫಿಲ್ಟರ್ ಸರಿಯಾಗಿ ಕೂತಿಲ್ಲ. ಆ ಧೂಳು ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ಉಜ್ಜಿ ಸವೆಸುತ್ತದೆ. ಅಲ್ಲಿಂದ ಶುರುವಾದ ಆಯಿಲ್ ಬಳಕೆಗೆ ಹಿಂದಕ್ಕೆ ದಾರಿಯಿಲ್ಲ. ಹಳೆಯ ಆಯಿಲಿನ ಸ್ಯಾಂಪಲ್ ಲ್ಯಾಬಿಗೆ ಕಳಿಸುವುದು ಒಳ್ಳೆಯ ಅಭ್ಯಾಸ. ಸಿಲಿಕಾನ್ ಹೆಚ್ಚಿದ್ದು ಜೊತೆಗೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಏರಿದ್ದರೆ ಧೂಳು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಪೆಟ್ರೋಲ್ ಎಷ್ಟು ಬೆರೆತಿದೆ ಎಂಬುದೂ ಅದೇ ವರದಿಯಲ್ಲಿ ಸಿಗುತ್ತದೆ.

8. ದಪ್ಪ ಆಯಿಲ್ ಎಲ್ಲದಕ್ಕೂ ಮದ್ದಲ್ಲ

ಗ್ರೇಡ್ ಮುಖ್ಯ, ಒಪ್ಪುತ್ತೇನೆ. ಅದೇ ಫೋರ್ಡ್ 5.0 ಪಿಕಪ್‌ಗೆ 2020ರವರೆಗೆ 5ಡಬ್ಲ್ಯೂ-20 ಹೇಳುತ್ತಿದ್ದ ಕಂಪನಿ 2021ರಿಂದ 5ಡಬ್ಲ್ಯೂ-30ಕ್ಕೆ ಬಂತು. ಟಿಆರ್‌ಎಕ್ಸ್‌ಗೆ ಮೊದಲಿನಿಂದಲೂ 0ಡಬ್ಲ್ಯೂ-40. ಆದರೆ ಒಂದೇ ಗ್ರೇಡಿನ ಎರಡು ಡಬ್ಬಿಗಳು ಬಿಸಿಯಲ್ಲಿ ಒಂದೇ ಥರ ಇರುವುದಿಲ್ಲ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತೆಂದು ನೋಡುವ ನೋಆಕ್ ಪರೀಕ್ಷೆಯಲ್ಲಿ 15% ವರೆಗೂ ನಷ್ಟವಾಗಬಹುದು ಎಂದು ಎಪಿಐ ಎಸ್‌ಪಿ ಮಾನದಂಡ ಬಿಡುತ್ತದೆ. ಕೆಲವು ಒಳ್ಳೆಯ ಸಿಂಥೆಟಿಕ್‌ಗಳು ಇದಕ್ಕಿಂತ ಬಹಳ ಕಡಿಮೆಯಲ್ಲಿ ನಿಲ್ಲುತ್ತವೆ. ಬಿಸಿಲ ನಾಡಿನಲ್ಲಿ ಭಾರ ಎಳೆಯುವವರು ಬ್ರ್ಯಾಂಡ್ ಕೇಳುವ ಬದಲು ಈ ಅಂಕಿ ಕೇಳಬೇಕು. ವಾರಂಟಿ ಇರುವವರೆಗೆ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡ್ ಬಿಟ್ಟು ಆಚೀಚೆ ಹೋಗಬೇಡಿ.

9. "ಟಾಪ್ ಅಪ್ ಮಾಡ್ತಾ ಇದ್ರಾಯ್ತು" ಅನ್ನುವುದಕ್ಕೂ ಮಿತಿಯಿದೆ

ಸುಟ್ಟ ಆಯಿಲಿನಲ್ಲಿರುವ ರಂಜಕ ಕ್ಯಾಟಲಿಟಿಕ್ ಕನ್ವರ್ಟರಿನ ಒಳಮೈಯನ್ನು ನಿಧಾನವಾಗಿ ಕೊಲ್ಲುತ್ತದೆ. ಟರ್ಬೊ ಇಂಜಿನ್ನಿನಲ್ಲಿ ಸಿಲಿಂಡರಿಗೆ ಬಂದ ಆಯಿಲ್ ಹನಿಗಳು ಕಡಿಮೆ ವೇಗ, ಹೆಚ್ಚು ಭಾರದ ಹೊತ್ತಿನಲ್ಲಿ ಕಿಡಿಗೆ ಮೊದಲೇ ಹೊತ್ತಿಕೊಳ್ಳಬಹುದು. ಅಂಥ ಒಂದು ಏಟಿಗೆ ಪಿಸ್ಟನ್ ಒಡೆದದ್ದುಂಟು. 1,000 ಮೈಲಿಗೆ ಒಂದು ಕ್ವಾರ್ಟ್ ದಾಟಿದ ಗಾಡಿಯನ್ನು ನಾನು ಟಾಪ್ ಅಪ್ ಮಾಡಿ ಕಳಿಸುವುದಿಲ್ಲ, ಕಾರಣ ಹುಡುಕುತ್ತೇನೆ.

10. ಬರೆದಿಟ್ಟದ್ದೇ ನಿಮ್ಮ ಸಾಕ್ಷಿ

ಇಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಹೊರಗಿನ ಆಯಿಲ್ ಅಥವಾ ಫಿಲ್ಟರ್ ಹಾಕಿದಿರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ಇಲ್ಲ ಎನ್ನುವಂತಿಲ್ಲ, ಹಾನಿಗೆ ಅದೇ ಕಾರಣ ಎಂದು ತೋರಿಸಬೇಕು. ಆದರೆ ನೀವು ಸಮಯಕ್ಕೆ ಆಯಿಲ್ ಬದಲಾಯಿಸಿದಿರಿ ಎಂಬುದಕ್ಕೆ ರಸೀದಿ ನಿಮ್ಮ ಕೈಯಲ್ಲಿರಬೇಕು. ಅಮೆರಿಕದ ಬಹುತೇಕ ಪಿಕಪ್‌ಗಳಿಗೆ ಪವರ್‌ಟ್ರೇನ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ಯಾವುದು ಮೊದಲೋ ಅದು. ನಿಮ್ಮ ಗಾಡಿ ಆ ಗಡಿಯ ಹತ್ತಿರವಿದ್ದು ಆಯಿಲ್ ಕಡಿಮೆಯಾಗುತ್ತಿದ್ದರೆ, ತಾರೀಕು, ಓಡೋಮೀಟರ್, ಸುರಿದ ಪ್ರಮಾಣ ಮೂರನ್ನೂ ಇವತ್ತಿನಿಂದಲೇ ಬರೆಯಲು ಶುರುಮಾಡಿ. ಗಡಿ ದಾಟುವ ಮೊದಲೇ ಡೀಲರಿನಲ್ಲಿ ದೂರನ್ನು ಬರಹದಲ್ಲಿ ದಾಖಲಿಸಿ, ಅದರ ಪ್ರತಿ ಕೇಳಿ ಪಡೆದುಕೊಳ್ಳಿ.