ತೋಟ ನಮ್ಮದು, ಉರುಳೂ ನಮ್ಮದೇ: ಕಾಯಿದೆ ಏನು ಹೇಳುತ್ತದೆ?



ನಮ್ಮದೇ ತಪ್ಪೊಂದನ್ನು ಹೇಳಿ ಈ ಪಾಠವನ್ನು ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಕೊರಟಗೆರೆ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಕಾಡುಹಂದಿಗಳು ನುಗ್ಗಿ, ಎಳೆಯ ಸಸಿಗಳ ನೆರಳಿಗೆಂದು ಹಾಕಿದ್ದ ಬಾಳೆಯ ಗಡ್ಡೆಗಳನ್ನು ಅಗೆದು ಹಾಕಿದವು. ತೋಟದ ಆಳು ಬೇಲಿಯ ಕಂಡಿಯಲ್ಲಿ ಹಳೆಯ ಕ್ಲಚ್ ವೈರಿನ ಉರುಳು ಒಡ್ಡಿದ. ನಾವು ಕಂಡೂ ಕಾಣದಂತೆ ಇದ್ದೆವು. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬೇಲಿಯ ಕಲ್ಲುಕಂಬ ವಾಲಿತ್ತು, ವೈರು ತುಂಡಾಗಿತ್ತು. ಉಳಿದ ತುಂಡಿಗೆ ಕಪ್ಪನೆಯ ಒರಟು ಕೂದಲು ಅಂಟಿತ್ತು. ನೆಲದಲ್ಲಿ ಉದ್ದುದ್ದ ಉಗುರಿನ ಗುರುತು. ಸಿಕ್ಕಿದ್ದುದು ಹಂದಿಯಲ್ಲ, ಕರಡಿ. ಉರುಳಿನ ಮಿಕ್ಕ ಭಾಗವನ್ನು ಮೈಮೇಲೆ ಹೊತ್ತುಕೊಂಡೇ ಅದು ಗುಡ್ಡ ಸೇರಿತ್ತು. ಅರಣ್ಯ ಇಲಾಖೆಗೆ ತಿಳಿಸುವ ಧೈರ್ಯ ನಮಗಾಗಲಿಲ್ಲ. ಆ ಅಳುಕು ಇಂದಿಗೂ ಹೋಗಿಲ್ಲ.

ನಮ್ಮ ಸೀಮೆಯಲ್ಲಿ ಕಾಡೆಲ್ಲಿದೆ?

ಕಾಡುಪ್ರಾಣಿಯ ಕಾಯಿದೆ ಮಲೆನಾಡಿನ ಕಾಫಿ ಬೆಳೆಗಾರರಿಗೆ ಸಂಬಂಧಿಸಿದ್ದು, ಬಯಲುಸೀಮೆಯ ನಮಗೇಕೆ ಎನ್ನುವವರುಂಟು. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ತಿಮ್ಮಲಾಪುರದ ಕರಡಿಗಳ ಕಾಡು 2016ರಲ್ಲಿ ವನ್ಯಜೀವಿಧಾಮವಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಪಾವಗಡದ ಕಲ್ಲುಗುಡ್ಡಗಳಲ್ಲಿ ಚಿರತೆ, ಕರಡಿಗಳಿರುವುದು ಅಲ್ಲಿಯವರಿಗೆ ಹೊಸ ಸಂಗತಿಯಲ್ಲ. ಪ್ರಾಣಿಗಳಿಗೆ ಸರ್ವೆ ಕಲ್ಲು ಕಾಣುವುದಿಲ್ಲ. ಕಾಯಿದೆಯೂ ಸರ್ವೆ ಕಲ್ಲಿನ ಬಳಿ ನಿಲ್ಲುವುದಿಲ್ಲ. ನಮ್ಮ ಹೆಸರಿಗೆ ಪಹಣಿ ಇರುವ ತೋಟದೊಳಗೂ ಅದು ಅನ್ವಯಿಸುತ್ತದೆ.

ಬೇಟೆ ಎಂದರೇನು?

ಕೋವಿ ಹಿಡಿದು ಹೋಗುವುದು ಮಾತ್ರ ಬೇಟೆ ಎಂದು ನಾವು ತಿಳಿದಿದ್ದೇವೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯಲ್ಲಿ ಈ ಮಾತಿನ ಅರ್ಥ ಬಹಳ ವಿಸ್ತಾರವಾದುದು. ಕೊಲ್ಲುವುದು, ವಿಷವಿಕ್ಕುವುದು, ಉರುಳು ಒಡ್ಡುವುದು, ಬೋನಿನಲ್ಲಿ ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಗಾಯಗೊಳಿಸುವುದು ಎಲ್ಲವೂ ಬೇಟೆಯೇ. ಹಕ್ಕಿಯ ಗೂಡು ಕೆಡಿಸಿ ಮೊಟ್ಟೆ ತೆಗೆದರೂ ಬೇಟೆಯೇ. ಇವುಗಳಿಗೆ ಯತ್ನಿಸುವುದೂ ಬೇಟೆ. ಹಾಗಾಗಿ ಬರಿದಾಗಿ ನಿಂತಿರುವ ಉರುಳೂ ಅಪರಾಧದ ಕುರುಹು.

ಎರಡು ಅನುಸೂಚಿಗಳು

1–4–2023ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ರಕ್ಷಿತ ಪ್ರಾಣಿಗಳನ್ನು ಮುಖ್ಯವಾಗಿ ಎರಡು ಅನುಸೂಚಿಗಳಲ್ಲಿ ಹಂಚಿದ್ದಾರೆ. ಕರಡಿ, ಚಿರತೆ, ಕೃಷ್ಣಮೃಗ, ಚಿಂಕಾರ, ನವಿಲು ಮೊದಲನೆಯದರಲ್ಲಿವೆ, ಕಾಡುಹಂದಿ ಎರಡನೆಯದರಲ್ಲಿದೆ. ಕಾಗೆ, ಇಲಿ, ಬಾವಲಿಗಳನ್ನು ಉಪದ್ರವಿಗಳೆಂದು ಹೆಸರಿಸಿದ್ದ ಹಳೆಯ ಐದನೆಯ ಅನುಸೂಚಿಯನ್ನು ತೆಗೆದುಹಾಕಿದ್ದಾರೆ.

ಬೆಳೆಗಾರರು ಮನಗಾಣಬೇಕಾದ ವ್ಯತ್ಯಾಸ ಇಲ್ಲಿದೆ. ನಿಂತ ಬೆಳೆಗೆ ಅಪಾಯವೆಂಬ ಕಾರಣಕ್ಕೆ ಪ್ರಾಣಿಯನ್ನು ಕೊಲ್ಲಲು ಅನುಮತಿ ದೊರೆಯುವ ಅವಕಾಶ ಎರಡನೆಯ ಅನುಸೂಚಿಯ ಪ್ರಾಣಿಗಳಿಗೆ ಮಾತ್ರ ಉಂಟು. ಅದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಮೊದಲನೆಯ ಅನುಸೂಚಿಯ ಪ್ರಾಣಿಯ ಮಟ್ಟಿಗೆ ಬೆಳೆನಷ್ಟ ಕಾರಣವೇ ಅಲ್ಲ. ಮನುಷ್ಯನ ಪ್ರಾಣಕ್ಕೆ ಅಪಾಯವಿದ್ದರೆ, ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾಗದಷ್ಟು ಗಾಯ ಅಥವಾ ರೋಗಕ್ಕೆ ಸಿಕ್ಕಿದ್ದರೆ ಮಾತ್ರ ಅಂಥ ಆದೇಶ ಹೊರಡಬಹುದು.

ಆದರೆ ಉರುಳಿಗೆ ಅನುಸೂಚಿ ಓದಲು ಬರುವುದಿಲ್ಲ. ಹಂದಿಗೆಂದು ಒಡ್ಡಿದ್ದಕ್ಕೆ ಕರಡಿ ಬಿದ್ದರೆ ಮೊಕದ್ದಮೆ ಕರಡಿಯದೇ. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷಗಳ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಇತರ ಸಾಮಾನ್ಯ ಅಪರಾಧಗಳಿಗೆ 3 ವರ್ಷಗಳವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಳಸಿದ ಸಲಕರಣೆ, ವಾಹನಗಳನ್ನೂ ಕಳೆದುಕೊಳ್ಳಬೇಕಾದೀತು.

ಎದುರಿಗೆ ಬಂದರೆ?

ಕರಡಿ ಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನಾವೇ ಕಾಯಿದೆ ಮೀರುವ ಕೆಲಸದಲ್ಲಿ ತೊಡಗಿದ್ದರೆ ಈ ರಕ್ಷಣೆ ಸಿಗದು. ಉರುಳು ನೋಡಲು ಹೋದವನಿಗೆ ಈ ಮಾತು ನೆನಪಿರಲಿ.

ಇನ್ನು ಬೇಲಿಯ ತಂತಿಗೆ ಪಂಪ್‌ಸೆಟ್ಟಿನ ಕರೆಂಟು ಕೊಡುವುದು. ಇದರಷ್ಟು ಕೆಟ್ಟ ಕೆಲಸ ಮತ್ತೊಂದಿಲ್ಲ. ರಾತ್ರಿ ನೀರು ಕಟ್ಟಲು ಬರುವ ನಮ್ಮ ಮಗನೋ ಪಕ್ಕದ ತೋಟದವನೋ ಅದಕ್ಕೆ ಬಲಿಯಾಗಬಹುದು. ಸೋಲಾರ್ ಬೇಲಿಯ ಮಾತು ಬೇರೆ. ಸರಿಯಾದ ಯಂತ್ರ ಅಳವಡಿಸಿದ್ದರೆ ಅದು ಕ್ಷಣಮಾತ್ರದ ಹೊಡೆತ ಕೊಟ್ಟು ಹೆದರಿಸುತ್ತದೆ, ಕೊಲ್ಲುವುದಿಲ್ಲ.

ಮಾಡಬೇಕಾದ ಕೆಲಸಗಳು

1. ತಿಂಗಳಿಗೊಮ್ಮೆ ಬೇಲಿಯುದ್ದಕ್ಕೂ ನಡೆದು ನೋಡಿರಿ. ಯಾರೇ ಒಡ್ಡಿದ ಉರುಳಾದರೂ ಕಿತ್ತುಹಾಕಿರಿ. ಆಳುಗಳಿಗೆ ಈ ಪಾಠವನ್ನು ಓದಿ ಹೇಳಿರಿ.

2. ಬೆಳೆಹಾನಿಯಾದರೆ ಜಾಗವನ್ನು ಹಾಗೆಯೇ ಬಿಟ್ಟು ಫೋಟೊ ತೆಗೆಸಿ, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಡಿರಿ. ಸರ್ಕಾರದ ದಯಾತ್ಮಕ ಧನದ ದರ, ನಿಯಮಗಳು ಆಗಾಗ ಬದಲಾಗುವುದರಿಂದ ಅಲ್ಲಿಯೇ ಕೇಳಿ ತಿಳಿಯಿರಿ.

3. ಉರುಳಿಗೆ ಸಿಕ್ಕ ಪ್ರಾಣಿಯನ್ನು ಕಂಡರೆ ಹತ್ತಿರ ಹೋಗದೆ, ಜನ ಸೇರಿಸದೆ ಇಲಾಖೆಗೆ ತಿಳಿಸಿರಿ. ಸತ್ತ ಪ್ರಾಣಿಯಾಗಲಿ ಅದರ ಉಗುರು, ಚರ್ಮವಾಗಲಿ ಕೈಗೆ ಬಂದರೆ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗಳಿಗೆ ವರದಿ ಮಾಡಬೇಕು.

4. ಸೋಲಾರ್ ಬೇಲಿ ಒಬ್ಬೊಬ್ಬರಿಗೆ ದುಬಾರಿ. ಅಕ್ಕಪಕ್ಕದ ಐದಾರು ತೋಟದವರು ಕೂಡಿ ಸುತ್ತಲೂ ಒಂದೇ ಬೇಲಿ ಹಾಕಿಕೊಂಡರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಶಿರಾ ಬಳಿಯ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಊರವರೇ ಅವುಗಳಿಗೆ ಕಾವಲು. ಕರಡಿ, ಹಂದಿಗಳ ಜೊತೆ ಬಾಳುವುದು ಅಷ್ಟು ಸುಲಭವಲ್ಲ ಎಂಬುದನ್ನು ನಾವೂ ಬಲ್ಲೆವು, ನಷ್ಟವನ್ನೂ ಉಂಡಿದ್ದೇವೆ. ಆದರೆ ಹೋದ ಬಾಳೆಯನ್ನು ಮರುವರ್ಷ ನೆಟ್ಟುಕೊಂಡೆವು. ಆ ಕರಡಿಯ ಮೈಗೆ ಬಿಗಿದ ವೈರನ್ನು ಬಿಚ್ಚುವುದು ಮಾತ್ರ ನಮ್ಮಿಂದ ಆಗಲಿಲ್ಲ. ಸದಸ್ಯರಲ್ಲಿ ಇನ್ನೊಬ್ಬರಿಗೆ ಆ ಸ್ಥಿತಿ ಬಾರದಿರಲಿ.