ಪೋಶ್ಚರ್: ನಿಲುವೋ, ಸೋಗೋ?

ಶಾಲೆಯಿಂದ ಬಂದ ಮಗು ‘ಪೋಶ್ಚರ್ ಅಂದರೇನು?’ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ‘ಭಂಗಿ’ ಎನ್ನುತ್ತೀರಿ. ತಪ್ಪಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ಪದದ ಅರ್ಧ ಮಾತ್ರ ಮಗುವಿಗೆ ಸಿಕ್ಕಂತಾಯಿತು.

ಹೊಳಲ್ಕೆರೆ ತಾಲೂಕಿನ ರಾಮಗಿರಿಯ ಬೆಟ್ಟ ಹತ್ತುವವರನ್ನು ನೋಡಿ. ಏರು ಕಡಿದಾದಂತೆ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ಇಳಿಯುವಾಗ ಹಿಂದಕ್ಕೆ ವಾಲುತ್ತದೆ. ತಲೆಯ ಮೇಲೆ ಕೊಡ ಹೊತ್ತವಳ ಬೆನ್ನು ನೆಟ್ಟಗಿರುತ್ತದೆ. ಯಾರೂ ಕಲಿಸಿದ್ದಲ್ಲ. ಹೀಗೆ ಕೆಲಸಕ್ಕೆ ತಕ್ಕಂತೆ ದೇಹ ತನ್ನನ್ನು ಇರಿಸಿಕೊಳ್ಳುವ ರೀತಿಯೇ ಪೋಶ್ಚರ್. ‘ಇಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಇಟಾಲಿಯನ್ ಮತ್ತು ಫ್ರೆಂಚ್ ಹಾದು, ಸುಮಾರು 1600ರ ವೇಳೆಗೆ ಇಂಗ್ಲಿಷಿಗೆ ಬಂದ ಪದವಿದು.

ಇದನ್ನು ‘ಪೋಸ್’ ಜೊತೆ ಬೆರೆಸಬೇಡಿ. ಪೋಸ್ ಎಂದರೆ ಕ್ಷಣಕಾಲ ಬೇಕೆಂದೇ ತಾಳಿದ ಭಂಗಿ. ಪೋಶ್ಚರ್ ಸಾಮಾನ್ಯವಾಗಿ ಅಭ್ಯಾಸದಿಂದ ಮೈಗಂಟಿದ್ದು. ಬೆನ್ನುನೋವೆಂದು ಹೋದರೆ ಡಾಕ್ಟರು ‘ನಿಮ್ಮ ಪೋಶ್ಚರ್ ಸರಿಯಿಲ್ಲ’ ಎನ್ನುತ್ತಾರೆ. ಪೋಸ್ ಸರಿಯಿಲ್ಲವೆನ್ನುವುದು ಫೋಟೋಗ್ರಾಫರನ ಕೆಲಸ.

ಎರಡನೆಯ ಅರ್ಥ ಧೋರಣೆ. ಒಂದು ದೇಶದ ‘ಮಿಲಿಟರಿ ಪೋಶ್ಚರ್’ ಎಂದು ಪತ್ರಿಕೆಗಳು ಬರೆಯುತ್ತವೆ. ಕನ್ನಡಿಗರಿಗೆ ಇದು ಹೊಸತಲ್ಲ, ಆಳಿಗೂ ನಿಲುವು, ಪಕ್ಷಕ್ಕೂ ನಿಲುವು ಎನ್ನುತ್ತೇವೆ. ‘ಆಟಿಟ್ಯೂಡ್’ ಪದವೂ ಮೊದಲು ಚಿತ್ರ, ಶಿಲ್ಪಗಳ ಆಕೃತಿಯ ಭಂಗಿಗೆ ಬಳಕೆಯಾಗಿ, ಆಮೇಲೆ ಮನಸ್ಸಿಗೆ ಬಂದದ್ದು. (ಇಂದಿನ ಹುಡುಗರು ಅದನ್ನು ಜಂಬಕ್ಕೆ ಬಳಸುತ್ತಾರೆ, ಅದು ಬೇರೆ ಮಾತು.)

ಮಕ್ಕಳು ಎಡವುವುದು ಮೂರನೆಯದರಲ್ಲಿ. ನಾಮಪದವಾಗಿ ಸಾಧುವಾಗಿರುವ ಈ ಪದ ಕ್ರಿಯಾಪದವಾದೊಡನೆ ಸಾಮಾನ್ಯವಾಗಿ ನಿಂದೆಯಾಗುತ್ತದೆ. ‘ಹಿ ಈಸ್ ಪೋಶ್ಚರಿಂಗ್’ ಎಂದರೆ ಅವನು ನೆಟ್ಟಗೆ ಕುಳಿತಿದ್ದಾನೆ ಎಂದಲ್ಲ, ನಾಲ್ಕು ಜನ ನೋಡಲೆಂದು ಸೋಗು ಹಾಕುತ್ತಿದ್ದಾನೆ ಎಂದು. ವಂಚನೆಯ ವೇಷಕ್ಕೆ ಹೇಳುವ ‘ಇಂಪೋಶ್ಚರ್’ ಕೂಡ ಅದೇ ಧಾತುವಿನ ಕುಡಿ.

ಪವಿತ್ರ ಕುರ್‌ಆನ್ ಈ ಸೋಗನ್ನು ಬಲ್ಲದು. ಅಲ್ ಮುನಾಫಿಕೂನ್ ಅಧ್ಯಾಯ ಕಪಟವಿಶ್ವಾಸಿಗಳನ್ನು ನೋಡುವವರಿಗೆ ಮೆಚ್ಚುಗೆಯಾಗುವ ಮೈಕಟ್ಟಿನವರೆಂದೂ, ಆದರೆ ಗೋಡೆಗೊರಗಿಸಿಟ್ಟ ಮರದ ತುಂಡುಗಳಂತೆ ಎಂದೂ ಬಣ್ಣಿಸುತ್ತದೆ. ಅವರು ಜನರಿಗೆ ತೋರಿಸಲೆಂದು ಆಲಸ್ಯದಿಂದ ನಮಾಝ್‌ಗೆ ನಿಲ್ಲುತ್ತಾರೆಂದು ಅನ್ನಿಸಾ ಅಧ್ಯಾಯದಲ್ಲಿದೆ. ಒಂದೇ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರಲ್ಲಿ ಒಬ್ಬನದು ಪೋಶ್ಚರ್, ಇನ್ನೊಬ್ಬನದು ಪೋಶ್ಚರಿಂಗ್ ಆಗಿರಬಹುದು. ಪಕ್ಕದವನಿಗೆ ಅದು ತಿಳಿಯದು.

ಹಾಗಾದರೆ ದೇಹದ ನಿಲುವು ಮುಖ್ಯವಲ್ಲವೇ? ಮುಖ್ಯವೇ. ಅವಸರದಿಂದ ನಮಾಝ್ ಮುಗಿಸಿದವನನ್ನು ಪ್ರವಾದಿವರ್ಯರು(ಸ) ಮತ್ತೆ ಮತ್ತೆ ಹಿಂದಕ್ಕೆ ಕಳಿಸಿ, ರುಕೂಅ್, ಸುಜೂದ್‌ಗಳಲ್ಲಿ ಮೈ ನೆಮ್ಮದಿಯಾಗಿ ನೆಲೆಗೊಳ್ಳಬೇಕೆಂದು ಕಲಿಸಿದರು. ಆದರೆ ಮಂಡಿನೋವಿನಿಂದ ನಿಲ್ಲಲಾಗದೆ, ‘ಇನ್ನು ನನ್ನದೆಂಥ ನಮಾಝ್’ ಎಂದು ಮೂಲೆಯಲ್ಲಿ ಕಣ್ಣೀರಿಡುವ ಅಜ್ಜಿ ನಿಮ್ಮ ಮನೆಯಲ್ಲೂ ಇರಬಹುದು. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಇದನ್ನೇ ಕೇಳಿದ್ದರು. ನಿಂತು ಮಾಡಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಿ ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತೆಂದು ಬುಖಾರಿಯಲ್ಲಿದೆ. ಮಗುವಿಗೆ ಪದದ ಅರ್ಥ ಹೇಳುವಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕುರ್ಚಿಯಲ್ಲಿ ಕುಳಿತವರು ರುಕೂಅ್‌ಗೆ ತುಸು ಬಾಗುತ್ತಾರೆ, ಸುಜೂದ್‌ಗೆ ಅದಕ್ಕಿಂತ ಸ್ವಲ್ಪ ಹೆಚ್ಚು.