ಫೈಲು ಕಳುಹಿಸುವ ಬಗೆ: ರೈತರಿಗೆ ಮೊದಲ ಪಾಠ

ಅಕ್ಕಲಕೋಟೆಯ ಕಡೆಯ ರೈತನೊಬ್ಬನು ಬ್ಯಾಂಕಿನ ಸಾಲಕ್ಕಾಗಿ ಹೊಲದ ಸಾತ್‌ಬಾರಾ ಉತಾರೆಯನ್ನು ಒದಗಿಸಬೇಕಾಗಿದೆ ಎಂದು ತಿಳಿಯೋಣ. ಉತಾರೆಯು ಊರಿನ ಕಂಪ್ಯೂಟರಿನಲ್ಲಿದೆ. ಬ್ಯಾಂಕಿಗೆ ಹೋಗತಕ್ಕ ಮಗನು ಸೊಲ್ಲಾಪುರದಲ್ಲಿದ್ದಾನೆ. ಇಂಟರ್‌ನೆಟ್ಟಿನ ಮೂಲಕ ಈ ಕೆಲಸವು ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಆದರೆ ಬಗೆಯರಿಯದೆ ಕಳುಹಿಸಿದರೆ ಕಾಗದವು ಕೆಲಸಕ್ಕೆ ಬಾರದಂತಾಗುವುದೂ, ಪರರ ಕೈಗೆ ಬೀಳುವುದೂ ಉಂಟು.

ಮೊದಲು ತಿಳಿಯಬೇಕಾದುದು ಇಷ್ಟು. ಬೀಜವನ್ನು ನೆರೆಯವನಿಗೆ ಕೊಟ್ಟರೆ ನಮ್ಮ ಕಣಜ ತಗ್ಗುತ್ತದೆ. ಫೈಲನ್ನು ಕಳುಹಿಸಿದರೆ ಹಾಗಲ್ಲ; ಮೂಲವು ನಮ್ಮಲ್ಲಿಯೇ ಉಳಿದು, ಅದರ ನಕಲು ಹೋಗುತ್ತದೆ. ಆದ್ದರಿಂದ ನಕಲು ಎಲ್ಲೆಲ್ಲಿ ಉಳಿಯಿತು ಎಂಬುದನ್ನು ನೋಡಿಕೊಳ್ಳುವುದು ನಮ್ಮ ಹೊಣೆ.

ಹೋಗುವ ರೀತಿ ಹೀಗೆ: ಕಂಪ್ಯೂಟರು ಫೈಲನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ಕಳುಹಿಸುತ್ತದೆ. ಆಚೆಯ ಕಂಪ್ಯೂಟರು ಅವನ್ನು ಕ್ರಮವಾಗಿ ಜೋಡಿಸುತ್ತದೆ. ದಾರಿಯಲ್ಲಿ ತಪ್ಪಿದ ತುಂಡು ಮತ್ತೊಮ್ಮೆ ಬರುತ್ತದೆ. ಸಾಮಾನ್ಯವಾಗಿ ನಡುವೆ ಸರ್ವರ್ ಎಂಬ ದೊಡ್ಡ ಕಂಪ್ಯೂಟರು ಉಗ್ರಾಣದಂತೆ ಇರುತ್ತದೆ. ಅಲ್ಲಿಗೆ ಏರಿಸುವುದು ಅಪ್‌ಲೋಡ್, ಅಲ್ಲಿಂದ ಇಳಿಸಿಕೊಳ್ಳುವುದು ಡೌನ್‌ಲೋಡ್. ಫೈಲು ಸಾಗಿಸುವ ಎಫ್‌ಟಿಪಿ ಎಂಬ ಹಳೆಯ ನಿಯಮಾವಳಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿದ ಅಭಯ್ ಭೂಷಣ್ ಎಂಬ ಭಾರತೀಯರು. ಆ ಎಫ್‌ಟಿಪಿಯಲ್ಲಿ ಪಾಸ್‌ವರ್ಡು ಬಯಲಾಗಿಯೇ ಹೋಗುತ್ತಿತ್ತು. ಆದಕಾರಣ ಈಗ ಗುಪ್ತಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ, ಎಚ್‌ಟಿಟಿಪಿಎಸ್ ವಿಧಾನಗಳನ್ನೇ ಬಳಸುವುದು ಲೇಸು.

ಚಿಕ್ಕ ಫೈಲಿಗೆ ಇಮೇಲು ಸಾಕು. ಜಿಮೇಲಿನಲ್ಲಿ ಲಗತ್ತಿಸಲು 25 ಎಂಬಿಯ ಮಿತಿಯುಂಟು. ಅದಕ್ಕೂ ದೊಡ್ಡದಾದರೆ ಗೂಗಲ್ ಡ್ರೈವಿನಂಥ ಉಗ್ರಾಣಕ್ಕೆ ಏರಿಸಿ, ಅದರ ಲಿಂಕನ್ನು ಕಳುಹಿಸಬೇಕು. ಹೊತ್ತಿನ ಲೆಕ್ಕವೂ ಸುಲಭ. 8 ಬಿಟ್ಟಿಗೆ 1 ಬೈಟು. ಸೆಕೆಂಡಿಗೆ 8 ಮೆಗಾಬಿಟ್ ಸಾಗುವ ತಂತಿಯಲ್ಲಿ ಸೆಕೆಂಡಿಗೆ 1 ಎಂಬಿ ಹೋಗುತ್ತದೆ. 60 ಎಂಬಿಗೆ ಸುಮಾರು ಒಂದು ನಿಮಿಷ. ಎಷ್ಟೋ ಕಡೆ ಇಳಿಸುವುದಕ್ಕಿಂತ ಏರಿಸುವುದು ನಿಧಾನವಾದ್ದರಿಂದ ಅವಸರಪಟ್ಟು ನಡುವೆ ನಿಲ್ಲಿಸಬಾರದು.

ಕಳುಹಿಸುವಾಗ ಈ ನಾಲ್ಕು ಮಾತುಗಳನ್ನು ನೆನಪಿಡಿರಿ.

1. ಡಿಜಿಟಲ್ ಸಹಿಯುಳ್ಳ ಉತಾರೆಯಾದರೆ ಪಿಡಿಎಫ್ ಫೈಲನ್ನೇ ಕಳುಹಿಸಿರಿ. ಕಂಪ್ಯೂಟರು ಸಹಿಯನ್ನು ಪರೀಕ್ಷಿಸುವುದು ಆ ಫೈಲಿನಲ್ಲಿ. ಪರದೆಯ ಫೋಟೋ ತೆಗೆದು ಕಳುಹಿಸಿದರೆ ಅಕ್ಷರ ಕಂಡೀತು, ಸಹಿ ಉಳಿಯದು. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸತಕ್ಕದ್ದು.

2. ಲಿಂಕು ಎಂದರೆ ಉಗ್ರಾಣದ ಕೀಲಿಕೈ. ಲಿಂಕು ಸಿಕ್ಕವರೆಲ್ಲ ನೋಡಬಹುದು ಎಂದು ಬಿಡದೆ, ಬೇಕಾದವನ ಇಮೇಲಿಗೆ ಮಾತ್ರ ಅನುಮತಿ ಕೊಡಿರಿ. ಕೆಲಸ ಮುಗಿದೊಡನೆ ಅನುಮತಿಯನ್ನು ತೆಗೆಯಿರಿ.

3. ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಡೌನ್‌ಲೋಡ್ ಪೆಟ್ಟಿಗೆಯಲ್ಲಿ ಉಳಿದ ನಕಲನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದು, ಇಮೇಲಿನಿಂದ ಸೈನ್‌ಔಟ್ ಆಗಿ ಏಳಿರಿ. ಆಧಾರ್ ಕಾರ್ಡು, ಪಾಸ್‌ಬುಕ್ಕುಗಳ ನಕಲು ಅಲ್ಲಿ ಉಳಿಯಗೊಡಬಾರದು.

4. ಪಡೆದವನು ಫೈಲನ್ನು ತೆರೆದು ನೋಡಲಿ. ಎರಡೂ ಕಡೆ ಬೈಟುಗಳ ಸಂಖ್ಯೆ ಒಂದೇ ಇರಬೇಕು. ಕಡಿಮೆಯಿದ್ದರೆ ಫೈಲು ಪೂರ್ತಿ ಬಂದಿಲ್ಲವೆಂದು ತಿಳಿದು ಮತ್ತೆ ಕಳುಹಿಸಿರಿ.

ಬಿತ್ತಿದ ಬೀಜ ಮೊಳೆತುದನ್ನು ಕಾಣುವ ಮೊದಲು ಜಾಣ ರೈತನು ಉಳಿದ ಬೀಜವನ್ನು ಮಾರುವುದಿಲ್ಲ. ಹಾಗೆಯೇ ಫೈಲು ಸರಿಯಾಗಿ ತೆರೆಯಿತು ಎಂಬ ಮಾತು ಆ ಕಡೆಯಿಂದ ಬರುವ ತನಕ ಮೂಲವನ್ನು ಅಳಿಸಬೇಡಿರಿ.